ನಾಲ್ಕನೇ ಜ್ವರ

“ಒಂಬತ್ನೇ ಕ್ಲಾಸಲ್ಲೇ ಸ್ಕೂಲ್ ಬುಟ್ ಓಡೋದೋನು ಕಣ್ರಪ್ಪೋ ಇವ್ನು! ಇವತ್ತು ಸ್ಕೂಲ್ನೋರು ಮಾಡಿರೋ ಪಟ್ಟಿ ತಿದ್ದಕ್ಕೆ ಬಂದವ್ನೆ!”

ಅನಂತರಾಜು ಈ ಮಾತನ್ನು ನನ್ನನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ. ಸೀಗೆಕಟ್ಟೆದೊಡ್ಡಿ ಪ್ರೌಢಶಾಲೆಯ ದೊಡ್ಡ ಕೋಣೆಯಲ್ಲಿ, ಶನಿವಾರ ಮಧ್ಯಾಹ್ನ, ನಲವತ್ತು ಜನ ಅಪ್ಪ ಅಮ್ಮಂದಿರ ಎದುರಿಗೆ, ಮೇಜಿನ ಹಿಂದೆ ಕೂತು ಹೇಳಿದ. ಶಾಲೆಯ ಮೇಲುಸ್ತುವಾರಿ ಸಮಿತಿಗೆ ಅವನೇ ಅಧ್ಯಕ್ಷ. ನಲವತ್ತು ಜನವೂ ನಕ್ಕರು. ನಗಬಾರದು ಅಂದುಕೊಂಡವರು ಕೆಮ್ಮಿನ ನೆಪದಲ್ಲಿ ನಕ್ಕರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಮ್ಮಮ್ಮ ವೆಂಕಟಲಕ್ಷ್ಮಮ್ಮ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.

ನಾನು ಕೇಳಿದ್ದು ಇಷ್ಟೇ. ‘ಕೈಹಿಡಿ’ ಪಟ್ಟಿಯಲ್ಲಿ ನನ್ನ ತಂಗಿ ಭಾನುಪ್ರಿಯಳ ಹೆಸರು ಯಾಕಿಲ್ಲ?

ಕೈಹಿಡಿ ಅಂದರೆ ಈ ವರ್ಷ ನಮ್ಮ ಶಾಲೆಗೆ ಬಂದಿರುವ ಹೊಸ ಯೋಜನೆ. ಓದು ಅರ್ಧಕ್ಕೆ ಬಿಟ್ಟುಹೋಗುವಂತಿರುವ ಮಕ್ಕಳನ್ನು ಮೊದಲೇ ಗುರುತಿಸಿ, ಹದಿನೈದು ಜನರಿಗೆ ಸಂಜೆ ಎರಡು ಗಂಟೆ ಬೇರೆ ಪಾಠ, ತಿಂಡಿ, ಮನೆಗೆ ಬಿಡಲು ವ್ಯಾನು. ತಪ್ಪಿಸಿಕೊಂಡ ಪಾಠಗಳನ್ನು ಮತ್ತೆ ಹೇಳಿಕೊಡುತ್ತಾರೆ. ಮೂರು ದಿನ ಬರದಿದ್ದರೆ ಯಾರಾದರೊಬ್ಬರು ಮನೆಗೇ ಬಂದು ಕೇಳುತ್ತಾರೆ. ಹದಿನೈದು ಜನರನ್ನು ಆರಿಸುವುದು ಅಂಕಗಳ ಮೇಲೆ. ಕಾರಣವಿಲ್ಲದೆ ಎಷ್ಟು ದಿನ ತಪ್ಪಿಸಿದ್ದಾರೆ, ಪರೀಕ್ಷೆಯಲ್ಲಿ ಎಷ್ಟು ಕಡಿಮೆ ಬಂದಿದೆ, ಮನೆಯ ಸ್ಥಿತಿ ಏನು. ಎಲ್ಲದಕ್ಕೂ ಅಂಕವಿದೆ. ಶಾಲೆಯ ಜೀವನದಲ್ಲೇ ಮೊದಲ ಸಲ, ಹಿಂದೆ ಬಿದ್ದವನಿಗೆ ಹೆಚ್ಚು ಅಂಕ. ಕಡೆಯ ಹೆಸರಿಗೆ ಹದಿನಾಲ್ಕು ಬಂದಿತ್ತು. ಭಾನುಗೆ ಆರು.

ಆರು! ಗಣಿತದಲ್ಲಿ ನೂರಕ್ಕೆ ಹತ್ತೊಂಬತ್ತು ತೆಗೆದಿರುವ ಹುಡುಗಿ. ಈ ವರ್ಷ ಇಪ್ಪತ್ತಾರು ದಿನ ಶಾಲೆಗೆ ಹೋಗಿಲ್ಲ. ಅವಳಿಗೆ ಆರು ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅನಂತರಾಜು ಆಡಿದ ಮಾತಿಗೆ ನಾನು ಅಲ್ಲೇ ಉತ್ತರ ಕೊಟ್ಟೆ. ಒಂದಲ್ಲ, ಐದು ಉತ್ತರ. ಅವನ ಮಗ ಹತ್ತನೇ ಕ್ಲಾಸನ್ನು ಮೂರು ಸಲ ಕಟ್ಟಿದ್ದು ಅದರಲ್ಲಿ ಮೊದಲನೆಯದು. ಉಳಿದ ನಾಲ್ಕನ್ನು ಇಲ್ಲಿ ಬರೆಯಲಾರೆ. ಅವನು ಎದ್ದು ನಿಂತ. ನಾನು ಇನ್ನೂ ಎತ್ತರಕ್ಕೆ ನಿಂತೆ. ಹೆಡ್ ಮೇಷ್ಟ್ರು ಚನ್ನಲಿಂಗಪ್ಪನವರು “ಕೆಂಪರಾಜು, ಕೂತ್ಕೋಪ್ಪ, ಕೂತ್ಕೋ” ಅನ್ನುತ್ತಲೇ ಇದ್ದರು. ಪಕ್ಕದಲ್ಲಿ ಮೆಹ್ರೀನ್ ಮೇಡಂ ತಲೆ ಎತ್ತದೆ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯುತ್ತಲೇ ಇದ್ದರು. ಅವರು ಭಾನುವಿನ ಕ್ಲಾಸ್ ಟೀಚರ್. ವಿಜಯಪುರದ ಕಡೆಯಿಂದ ಹೋದ ವರ್ಷ ಬಂದವರು. ಯಾರು ಏನು ಹೇಳಿದರೂ ಬರೆದುಕೊಳ್ಳುವುದು ಅವರ ಅಭ್ಯಾಸ.

ನಾನು ಹೊರಗೆ ಬಂದು ಬಾಗಿಲನ್ನು ಧಡಾರನೆ ಹಾಕಿದೆ. ಆ ಬಾಗಿಲು ನಾನು ಓದುವಾಗಲೂ ಮುಚ್ಚುತ್ತಿರಲಿಲ್ಲ. ತಿರುಗಿ ಬಂದು ಮೊಣಕೈಗೆ ಬಡಿಯಿತು. ಒಳಗಿನಿಂದ ಮತ್ತೆ ನಗು.

*

ಮನೆಗೆ ಬಂದಾಗ ಭಾನು ಹುಳುಮನೆಯಲ್ಲಿದ್ದಳು. ನಮ್ಮದು ರೇಷ್ಮೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಸಾಕುವ ಉದ್ದನೆಯ ಕೋಣೆ. ವರ್ಷಕ್ಕೆ ಐದು ಬೆಳೆ. ಹುಳುಗಳು ನಾಲ್ಕು ಸಲ ಪೊರೆ ಕಳಚುತ್ತವೆ. ಕಳಚುವ ಮುಂಚೆ ಒಂದು ದಿನ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ದೇವರೇ ಬಲ್ಲ. ಮೂರು ವಾರದಲ್ಲಿ ತಿಂದದ್ದರ ನಾಲ್ಕರಷ್ಟನ್ನು ಒಂದೇ ವಾರದಲ್ಲಿ ತಿನ್ನುತ್ತವೆ. ಆ ವಾರ ಮನೆಯಲ್ಲಿ ಕೈಯಿರುವವರೆಲ್ಲ ಸೊಪ್ಪು ಕಡಿಯಬೇಕು, ಹೊರಬೇಕು, ಹಾಕಬೇಕು. ಸ್ನಾನಕ್ಕೂ ಪುರುಸೊತ್ತಿರುವುದಿಲ್ಲ, ಇಸ್ಕೂಲು ಎಲ್ಲಿಯದು?

ಅವತ್ತು ಹುಳು ನಾಲ್ಕನೇ ಜ್ವರ ಎದ್ದು ಎರಡನೇ ದಿನ. ಇಡೀ ಕೋಣೆ ಹಪ್ಪಳ ತಿನ್ನುವವರ ಪಂಕ್ತಿಯಂತೆ ಕರಕರ ಅನ್ನುತ್ತಿತ್ತು. ನನಗೆ ಆ ಸದ್ದು ಬಹಳ ಇಷ್ಟ. ಎಷ್ಟು ಸಿಟ್ಟಿದ್ದರೂ ಹತ್ತು ನಿಮಿಷ ಅಲ್ಲಿ ನಿಂತರೆ ಅರ್ಧ ಇಳಿಯುತ್ತದೆ.

ಭಾನು ಸೊಪ್ಪಿನ ಕಡ್ಡಿಗಳನ್ನು ಹರಡುತ್ತಲೇ ಕೇಳಿದಳು. “ಜಗಳ ಆಡ್ಕಂಡ್ ಬಂದ್ಯಾ ಅಣ್ಣ?”

“ಯಾರಂದ್ರು?”

“ನಿನ್ ಮೊಣಕೈ ಅಂತು. ಕೆಂಪಗಾಗೈತೆ.”

“ನಿನ್ನೆಸ್ರು ಇಲ್ಲ ಕಣಮ್ಮಿ ಪಟ್ಟೀಲಿ. ಆರೇ ಆರು ಕೊಟ್ಟವ್ರೆ.”

“ಬುಡು. ನಾನೂ ಬುಟ್ಬುಡ್ತೀನಿ ಈ ವರ್ಷಕ್ಕೆ. ವಾರ ಬುಟ್ಟು ಕ್ಲಾಸ್ಗೆ ಓದ್ರೆ ಅಲ್ಲಿ ಏನ್ ಮಾಡ್ತಾವ್ರೆ ಅಂತ್ಲೇ ಗೊತ್ತಾಗಾಕಿಲ್ಲ. ಬೋರ್ಡ್ ಮೇಲೆ ಎಕ್ಸು ಐತೆ, ವೈ ಐತೆ, ನಾನು ಮಾತ್ರ ಇಲ್ಲ.”

“ಬಾಯ್ಮುಚ್ಚು.”

“ಯಾಕೆ? ನೀನು ಬುಟ್ಟು ಚೆನ್ನಾಗಿಲ್ವಾ? ಆಟೋ ಐತೆ, ಬೆಳಗಾನೆ ರಾಮನಗರ, ಮಧ್ಯಾಹ್ನ ಮುದ್ದೆ ಊಟ, ಸಂಜೆ ವಾಲಿಬಾಲು. ನಿಂಗೇನ್ ಕಮ್ಮಿ ಆಗೈತೆ ಏಳು ನೋಡವ.”

ಅವಳು ಹೇಳಿದ್ದು ನಿಜ. ನನ್ನ ಗೂಡ್ಸ್ ಆಟೋದಲ್ಲಿ ಸುತ್ತಲ ಊರುಗಳ ರೇಷ್ಮೆಗೂಡನ್ನು ಮಾರುಕಟ್ಟೆಗೆ ಒಯ್ಯುತ್ತೇನೆ. ಬೆಳಗಿನ ರಸ್ತೆ, ಬಂಡೆಗಳ ಮೇಲೆ ಮೊದಲ ಬಿಸಿಲು, ಗೂಡಿನ ಹಸಿ ವಾಸನೆ. ನನಗೆ ನನ್ನ ಬದುಕು ಚೆನ್ನಾಗಿದೆ. ಸಿಟ್ಟು ಬರುವುದು ಬೇರೆಯದಕ್ಕೆ. ನಾನು ಶಾಲೆ ಬಿಟ್ಟೆ ಅಂತ ಎಲ್ಲರೂ ಹೇಳುತ್ತಾರೆ. ಎಂಟು ವರ್ಷದ ಹಿಂದೆ ಒಂದು ಬೆಳೆಯಲ್ಲಿ ಹತ್ತು ದಿನ ಹೋಗಲಿಲ್ಲ. ಹನ್ನೊಂದನೇ ದಿನ ಹೋಗಲು ನಾಚಿಕೆಯಾಯಿತು. ಇಪ್ಪತ್ತನೇ ದಿನ ಯಾರಾದರೂ ಬಂದು ಕರೆದರೆ ಹೋಗೋಣ ಅಂತ ಜಗಲಿಯ ಮೇಲೆ ಶರಟು ಹಾಕಿಕೊಂಡು ಕೂತಿದ್ದೆ. ಯಾರೂ ಬರಲಿಲ್ಲ. ನಾನು ಬಿಟ್ಟದ್ದು ಯಾವಾಗ ಅಂತ ನನಗೇ ಗೊತ್ತಿಲ್ಲ. ಭಾನು ಓದು ಬೇಡ ಅಂತ ತಾನೇ ಯೋಚಿಸಿ ಬಿಟ್ಟರೆ ಬಿಡಲಿ. ಹೀಗೆ ಜಗಲಿಯ ಮೇಲೆ ಕೂತು ಉದುರಿಹೋಗುವುದು ಬೇಡ.

ಅಷ್ಟನ್ನು ಅವಳಿಗೆ ಹೇಳಲು ಬರಲಿಲ್ಲ. “ಸೊಪ್ಪು ಒಸಿ ತೆಳ್ಳಗೆ ಹಾಕು” ಅಂದೆ.

ಅಮ್ಮ ಸಭೆಯಿಂದ ಬಂದವಳೇ ನನ್ನನ್ನು ಬಯ್ಯಲು ಶುರುಮಾಡಿದಳು. “ಅಷ್ಟ್ ಜನದ ಮುಂದೆ ಆ ಮಾತು ಆಡ್ಬೋದೇನ್ಲಾ? ನಾಚ್ಕೆ ಆಗಾಕಿಲ್ವಾ?”

“ನೀನು ಪೊರಕೆ ತಗಂಡು ಗೌರ್ಮೆಂಟ್ನೋರ ಓಡಿಸ್ಲಿಲ್ವಾ? ಅವಾಗ ನಾಚ್ಕೆ ಆಯ್ತಾ?” ಅಂದಳು ಭಾನು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆಗಸ್ಟಿನಲ್ಲಿ ನಡೆದ ಸಂಗತಿ. ಒಂದು ಬೆಳಿಗ್ಗೆ ಇಡೀ ಊರು ಬಿಟ್ಟು ನಮ್ಮ ಮನೆಯೊಂದಕ್ಕೇ ಆರೋಗ್ಯ ಇಲಾಖೆಯವರು ಸೊಳ್ಳೆಗೆ ಹೊಗೆ ಹಾಕುವ ಯಂತ್ರ ಹೊತ್ತು ಬಂದಿದ್ದರು. ಆ ಹೊಗೆ ತಾಗಿದರೆ ಹುಳು ಒಂದೂ ಉಳಿಯುವುದಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತು ಪೊರಕೆ ಎತ್ತಿದಳು. “ಮನೇಲಿ ಜ್ವರ ಐತೆ ಅಂತ ಕಂಪ್ಲೇಂಟ್ ಬಂದದೆ ಕಣಮ್ಮ” ಅಂತ ಅವರು. “ಜ್ವರ ಐತೆ, ಅದ್ಕೇ ಬರ್ಬೇಡಿ ಅನ್ನೋದು!” ಅಂತ ಇವಳು. ಕೊನೆಗೆ ಅವರು ನಮ್ಮಪ್ಪ ಕೃಷ್ಣಪ್ಪನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಅಪ್ಪನಿಗೆ ಇವತ್ತಿಗೂ ಅದು ಯಾಕೆಂದು ಗೊತ್ತಿಲ್ಲ.

ಆಗ ನಾವೆಲ್ಲ ನಕ್ಕೆವು. ನನಗೂ ಏನೂ ಹೊಳೆಯಲಿಲ್ಲ.

*

ಸೋಮವಾರ ಬೆಳಿಗ್ಗೆ ಕಬ್ಬಾಳಿನ ದೊಡ್ಡಮುನಿಯಪ್ಪನ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದೆ. ಜಾಲರಿಯಲ್ಲಿ ಗೂಡು ಸುರಿದು ನಿಂತರೆ ಗಫಾರ್ ಸಾಬರು ಬಂದರು. ನೂಲು ಬಿಚ್ಚುವ ಕಾರ್ಖಾನೆಯವರು, ಮೂವತ್ತು ವರ್ಷದಿಂದ ಇದೇ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವವರು. ಎಲ್ಲರೂ ಮೇಲಿನ ಗೂಡನ್ನು ನೋಡಿ ಮೊಬೈಲಿನಲ್ಲಿ ಬೆಲೆ ಒತ್ತುತ್ತಿದ್ದರೆ, ಗಫಾರ್ ಸಾಬರು ತೋಳು ಮಡಚಿ ಮೊಣಕೈಯವರೆಗೆ ಕೈಯನ್ನು ರಾಶಿಯೊಳಗೆ ಇಳಿಸಿ, ತಳದಿಂದ ಒಂದು ಹಿಡಿ ಎತ್ತುತ್ತಾರೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ.

“ಮೇಲಿಂದ್ ನೋಡಿ ರೇಟ್ ಕಟ್ಟೋರು ವ್ಯಾಪಾರಕ್ಕೆ ಬಂದೋರಲ್ಲ, ಮದುವೆ ನೋಡಕ್ಕೆ ಬಂದೋರು” ಅಂದರು. ಆಮೇಲೆ ನನ್ನ ಮುಖ ನೋಡಿದರು. “ಏನಪ್ಪಾ, ಇವತ್ತು ಬಾಯಿಗೆ ಬೀಗ? ಯಾರ್ ಜೊತೆ ಮಾಡ್ಕೊಂಡೆ ಗಲಾಟೆ?”

ಹೇಳಿದೆ. ಅನಂತರಾಜು, ಪಟ್ಟಿ, ಆರು ಅಂಕ, ಬಾಗಿಲು, ಎಲ್ಲ.

“ಸರಿ. ಪಟ್ಟಿ ಯಾವ ಕಾಗದ ನೋಡಿ ಮಾಡಿದ್ರು?”

“ಯಾವ್ದೋ ನೋಡಿ ಮಾಡವ್ರೆ.”

“ಯಾವ್ದೋ! ಪಟ್ಟಿ ಅಂದ್ರೆ ಮೇಲಿನ ಗೂಡು ಕಣಯ್ಯಾ. ಕೆಳಗೆ ಕೈ ಹಾಕ್ದ್ಯಾ? ಇಲ್ಲ. ಬಾಯಿ ಹಾಕ್ದೆ. ನಮ್ಮ ಮೊಮ್ಮಗಳು ಸಾನಾ ಸ್ಕೂಲಲ್ಲೂ ಹಿಂಗೇ ಏನೋ ಆಗಿತ್ತು. ನಾನು ಹೋಗಿ, ಮೇಡಂ, ಒಸಿ ರಿಜಿಸ್ಟರ್ ತೋರ್ಸಿ, ನನ್ ಕನ್ನಡಕ ಹಾಕ್ಕೊತೀನಿ ಅಂದೆ. ಕನ್ನಡಕ ಹಾಕ್ಕೊಂಡ್ರೆ ಯಾರೂ ಬೈಯಲ್ಲ.”

“ನನ್ನತ್ರ ಕನ್ನಡಕ ಇಲ್ಲ ಸಾಬ್ರೆ.”

“ತಲೆ ಬಾಚ್ಕೊಂಡ್ ಹೋಗು, ಅದೂ ಆಗುತ್ತೆ.”

ಆಕ್ಷೇಪಣೆ ಹೇಳಲು ಮಂಗಳವಾರ ಸಂಜೆಯವರೆಗೆ ಸಮಯವಿತ್ತು. ಆಟೋದ ಕನ್ನಡಿಯಲ್ಲಿ ತಲೆ ಬಾಚಿಕೊಂಡು ನೇರವಾಗಿ ಶಾಲೆಗೆ ಹೋದೆ.

*

ಮೆಹ್ರೀನ್ ಮೇಡಂ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ನನ್ನನ್ನು ಕಂಡು ಮೊದಲು ಬಾಗಿಲ ಕಡೆ ನೋಡಿದರು. ಮುರಿಯಲು ಬಂದಿದ್ದೇನೆ ಅಂದುಕೊಂಡರೇನೋ. ನಾನು ಜೇಬಿನಿಂದ ಭಾನುವಿನ ರಜೆ ಚೀಟಿ ತೆಗೆದುಕೊಟ್ಟೆ. ಈ ವಾರದ್ದು. ಅವಳೇ ಬರೆದು, ಅಪ್ಪನ ಸಹಿ ಹಾಕಿಸಿದ್ದು.

ಮೇಡಂ ಓದಿದರು. ಮುಖ ಮರುಕದಿಂದ ಸಣ್ಣದಾಯಿತು. “ಅಯ್ಯ, ಮತ್ತ ಜ್ವರ ಬಂದಾವೇನ್ರಿ? ನೀವಾದ್ರೂ ಆರಾಮ ಅದೀರಿಲ್ಲೋ?”

“ನಂಗೇನಾಗೈತೆ ಮೇಡಂ?”

“ಅಲ್ರಿ, ಮನೀ ಮಂದಿಗೆಲ್ಲ ವರ್ಷಕ್ಕ ಐದೈದ್ ಸಲ ಜ್ವರ ಅಂದ್ರ ಹೆಂಗ್ರಿ? ನನಗ ರಾತ್ರಿ ನಿದ್ದಿ ಬರೂದಿಲ್ಲ. ಆಗಸ್ಟನ್ಯಾಗ ನಾನ ಆರೋಗ್ಯ ಇಲಾಖಿಯವರಿಗೆ ಫೋನ್ ಮಾಡಿ ಹೇಳಿದ್ದೆ. ಹೊಗಿ ಹಾಕಿ ಹೋದ್ರಿಲ್ಲೋ?”

ನಾನು ಕುರ್ಚಿ ಎಳೆದುಕೊಂಡು ಕೂತೆ. ಗಫಾರ್ ಸಾಬರ ಕೈ ರಾಶಿಯೊಳಗೆ ಇಳಿದದ್ದು ಕಣ್ಣ ಮುಂದೆ ಬಂತು. “ಮೇಡಂ, ಅವಳ ಹಳೇ ಚೀಟಿಗಳಿದ್ರೆ ಒಸಿ ತೋರ್ಸಿ” ಅಂದೆ. ನನ್ನ ಗಂಟಲಿನಿಂದ ಅಷ್ಟು ಮೆತ್ತಗೆ ಮಾತು ಹೊರಡುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಎಲ್ಲವನ್ನೂ ಫೈಲಿನಲ್ಲಿ ತಾರೀಕಿನ ಪ್ರಕಾರ ಹಾಕಿಟ್ಟಿದ್ದರು. ಜೂನ್: ‘ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ ಎದ್ದಿರುವುದರಿಂದ ಐದು ದಿನ ರಜೆ ಕೊಡಬೇಕಾಗಿ ವಿನಂತಿ.’ ಆಗಸ್ಟ್: ‘ನಾಲ್ಕನೇ ಜ್ವರ ಜೋರಾಗಿ ಎದ್ದಿದೆ. ಅಪ್ಪ ಅಮ್ಮ ಇಬ್ಬರಿಂದಲೂ ಆಗುತ್ತಿಲ್ಲ.’ ಅಕ್ಟೋಬರ್: ‘ಈ ಸಲ ಜ್ವರ ಏಳುವುದು ಎರಡು ದಿನ ತಡವಾಯಿತು, ಆದ್ದರಿಂದ ರಜೆಯೂ ಎರಡು ದಿನ ಮುಂದಕ್ಕೆ.’ ಪ್ರತಿ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಮೇಡಂ ಬರೆದಿದ್ದರು: ಅನಾರೋಗ್ಯ.

ಅನಾರೋಗ್ಯದ ರಜೆ ಕಾರಣವಿರುವ ರಜೆ. ಅದಕ್ಕೆ ಅಂಕವಿಲ್ಲ.

“ಮೇಡಂ, ಜ್ವರ ಬಂದಿರೋದು ನಮ್ಗಲ್ಲ. ಉಳಕ್ಕೆ.”

“ಯಾರಿಗ್ರಿ?”

“ಉಳ, ಮೇಡಂ. ರೇಷ್ಮೆ ಉಳ.”

“ಹುಳಕ್ಕ ಜ್ವರ ಬಂದ್ರ ಹುಡುಗಿ ಯಾಕ ಮನ್ಯಾಗ ಇರಬೇಕ್ರಿ? ಅದಕ್ಕ ಡಾಕ್ಟರ್ ಇಲ್ಲೇನು?”

ಪೊರೆ ಕಳಚುವುದು, ತಲೆ ಎತ್ತಿ ಕೂರುವುದು, ಎದ್ದ ಮೇಲಿನ ಹಸಿವು, ಎಲ್ಲವನ್ನೂ ವಿವರಿಸಿದೆ. ಯಾವತ್ತೂ ಬೋರ್ಡಿನ ಮುಂದೆ ನಿಲ್ಲದವನು ಚಾಕ್‌ಪೀಸ್ ಹಿಡಿದು ಮೇಜಿನ ಮೇಲೆ ಹುಳುವಿನ ಚಿತ್ರ ಬರೆದೆ. ಮೇಡಂ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. “ಹಂಗಾರ ಆ ಹೊಗಿ...?”

“ನಮ್ಮಮ್ಮ ಪೊರಕೇಲಿ ಓಡಿಸಿದ್ಲು. ಅಪ್ಪನ ರಕ್ತ ಮಾತ್ರ ತಗಂಡೋದ್ರು.”

ಆ ಹೊತ್ತಿಗೆ ಹೆಡ್ ಮೇಷ್ಟ್ರು ಒಳಗೆ ಬಂದರು. ಅವರ ಊರು ಮಾಗಡಿ ಕಡೆ. ಅವರ ಮನೆಯಲ್ಲೂ ಹುಳು ಸಾಕುತ್ತಾರೆ. ಅವರ ಮುಂದೆ ಬರುವುದು ಬರೀ ಕಂಪ್ಯೂಟರಿನ ಲೆಕ್ಕ, ಚೀಟಿಗಳನ್ನು ಯಾವತ್ತೂ ನೋಡಿದವರಲ್ಲ. ಅಕ್ಟೋಬರಿನ ಚೀಟಿಯನ್ನು ಓದಿ ಒಂದು ಸಲ ಮೇಡಂ ಮುಖ, ಒಂದು ಸಲ ಕೆಂಪು ಶಾಯಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗಲು ಶುರುಮಾಡಿದವರು, ನೀರು ಕುಡಿಯುವವರೆಗೂ ನಿಲ್ಲಿಸಲಿಲ್ಲ. “ಜ್ವರ ಏಳೋದು ತಡ ಆಯ್ತಂತೆ, ರಜೆ ಮುಂದಕ್ಕಂತೆ! ಮೆಹ್ರೀನ್ ಮೇಡಂ, ಟೈಮ್ ಟೇಬಲ್ ಹಾಕ್ಕೊಂಡು ಬರೋ ಜ್ವರ ಎಲ್ಲಾದ್ರೂ ಉಂಟಾ?”

“ಸರ್, ನಾನು ಪಾಪ ಅಂತ ಕಬ್ಬಿಣದ ಗುಳಿಗಿನೂ ಕೊಟ್ಟು ಕಳಿಸೀನ್ರಿ” ಅಂದರು ಮೇಡಂ. ಅವರ ಕಣ್ಣಲ್ಲೂ ನೀರಿತ್ತು. ನಗುವೋ ಏನೋ.

ನಾನು ಜಗಳಕ್ಕೆ ಅಂತ ಎಂಟು ವರ್ಷದಿಂದ ಎತ್ತಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಹುಡುಕಿದೆ. ಒಂದೂ ಈ ಹೆಂಗಸಿಗೆ ಹೊಂದಲಿಲ್ಲ. ನಾನು ಜಗಲಿಯ ಮೇಲೆ ಕೂತಿದ್ದಾಗ ನಿದ್ದೆಗೆಟ್ಟವರು ಯಾರೂ ಇರಲಿಲ್ಲ. ಇವರು ತಪ್ಪು ತಿಳಿದಾದರೂ ನಿದ್ದೆಗೆಟ್ಟಿದ್ದರು.

*

ಇಪ್ಪತ್ತಾರು ದಿನವನ್ನು ಅನಾರೋಗ್ಯದ ಕಡೆಯಿಂದ ತೆಗೆದು ಮನೆಗೆಲಸದ ಕಡೆ, ಅಂದರೆ ಕಾರಣವಿಲ್ಲದ ರಜೆಯ ಲೆಕ್ಕಕ್ಕೆ, ಹಾಕಿದರು. ಭಾನುಗೆ ಆರು ಅಂಕ ಸೇರಿ ಹನ್ನೆರಡಾಯಿತು. ಪಟ್ಟಿಗೆ ಸೇರಬೇಕಾದರೆ ಹದಿನಾಲ್ಕು ದಾಟಬೇಕು. ಹೆಡ್ ಮೇಷ್ಟ್ರು ಪರದೆಯ ಮೇಲೆ ಬೆರಳಿಟ್ಟು ಕೆಳಗಿಳಿದರು. “ಮನೇಲಿ ಶಾಲೆ ಬಿಟ್ಟ ಅಣ್ಣ ತಮ್ಮ, ಅಕ್ಕ ತಂಗಿ ಇದ್ರೆ ಐದು ಅಂಕ ಇದೆಯಲ್ಲ. ಇದ್ಯಾಕೆ ಸೊನ್ನೆ?”

“ನಾನೇ ಇದೀನಲ್ಲ ಸಾರ್” ಅಂದೆ. ಜೀವನದಲ್ಲಿ ಮೊದಲ ಸಲ ಈ ವಿಷಯಕ್ಕೆ ಕೈ ಎತ್ತಿದೆ.

ಮೇಡಂ ಹಳೆಯ ದಾಖಲಾತಿ ಪುಸ್ತಕ ತಂದು ನನ್ನ ಹೆಸರು ಹುಡುಕಿದರು. ಕೆಂಪರಾಜು ಬಿನ್ ಕೃಷ್ಣಪ್ಪ. ಅದರ ಮುಂದೆ, ಆಗ ಇದ್ದ ಯಾರೋ ಮೇಷ್ಟ್ರ ದುಂಡು ಅಕ್ಷರದಲ್ಲಿ: ‘ಚನ್ನಪಟ್ಟಣಕ್ಕೆ ವರ್ಗಾವಣೆ.’

“ನೀವು ಶಾಲಿ ಬಿಟ್ಟಿಲ್ರಿ. ಬ್ಯಾರೆ ಶಾಲಿಗೆ ಹೋಗೀರಿ.”

ಈ ಸಲ ನಿಜವಾಗಿ ತಲೆಗೇರಿತು. ಬಿಟ್ಟವರು ಹೆಚ್ಚಾದರೆ ಮೇಲಿನವರು ಕೇಳುತ್ತಾರೆ ಅಂತ ಒಂದು ಗೆರೆಯಲ್ಲಿ ನನ್ನನ್ನು ಚನ್ನಪಟ್ಟಣಕ್ಕೆ ಸಾಗಿಸಿದ್ದರು. ಜಗಲಿಗೆ ಯಾರೂ ಬಾರದಿದ್ದದ್ದು ಅದಕ್ಕೇ. ಪುಸ್ತಕದ ಪ್ರಕಾರ ನಾನು ಜಗಲಿಯಲ್ಲಿ ಇರಲೇ ಇಲ್ಲ. ಬಣ್ಣದ ಮರದ ಗೊಂಬೆಗಳ ಊರಿನಲ್ಲಿ ಇನ್ನೊಬ್ಬ ಕೆಂಪರಾಜು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹತ್ತನೇ ಕ್ಲಾಸು ಪಾಸಾಗಿರಬೇಕು. ನನ್ನ ಅಂಕವನ್ನೆಲ್ಲ ಅವನೇ ತೆಗೆದುಕೊಂಡಿರಬೇಕು. ಮೇಜಿಗೆ ಗುದ್ದಿದೆ. ಚಾಕ್‌ಪೀಸಿನ ಹುಳು ಅಳಿಸಿಹೋಯಿತು.

“ನಾನ್ ಬುಟ್ಟಿರೋದು ಇಡೀ ದೊಡ್ಡೀಗೆ ಗೊತ್ತು ಸಾರ್! ದೊಡ್ಡಆಲಹಳ್ಳಿ ಸಂತೇಲಿ ಕೇಳಿ, ಅಲ್ಲೂ ಏಳ್ತಾರೆ!”

“ನನಗೂ ಗೊತ್ತಪ್ಪ. ಕಾಗದಕ್ಕೆ ಗೊತ್ತಿಲ್ಲ. ನಾಳೆ ಸಂಜೆ ಒಳಗೆ ಒಂದು ಬರಹದ ದಾಖಲೆ ಬೇಕು, ಶಾಲೆಯ ಕಡೆಯದ್ದು, ಸಹಿ ಇರೋದು. ಬಿಟ್ಟಿದ್ದಾನೆ ಅಂತ ಸರ್ಟಿಫಿಕೇಟು ಯಾವ ಆಫೀಸಲ್ಲಿ ಕೊಡ್ತಾರೆ ಹೇಳು?”

ಯಾವ ಆಫೀಸೂ ಕೊಡುವುದಿಲ್ಲ. ಹೊರಗೆ ಮಕ್ಕಳು ಮಧ್ಯಾಹ್ನದ ಊಟದ ತಟ್ಟೆ ತೊಳೆಯುವ ಸದ್ದು. ಮೆಹ್ರೀನ್ ಮೇಡಂ ಇದ್ದಕ್ಕಿದ್ದಂತೆ ಎದ್ದು ಬೀರುವಿನಿಂದ ಶನಿವಾರದ ನಡಾವಳಿ ಪುಸ್ತಕ ತೆಗೆದರು. ಪುಟ ತಿರುಗಿಸಿದರು. ಗಂಟಲು ಸರಿಮಾಡಿಕೊಂಡು, ವರದಿ ಓದುವ ದನಿಯಲ್ಲಿ ಓದಿದರು.

“‘ಶ್ರೀ ಕೆಂಪರಾಜು ಬಿನ್ ಕೃಷ್ಣಪ್ಪ ಇವರು ಒಂಬತ್ತನೇ ತರಗತಿಯಲ್ಲಿಯೇ ಶಾಲೆಯನ್ನು ತೊರೆದು ಓಡಿಹೋದವರೆಂದು ಮಾನ್ಯ ಅಧ್ಯಕ್ಷರು ಸಭೆಯ ಗಮನಕ್ಕೆ ತಂದರು. ಸಭೆಯು ನಗುವಿನ ಮೂಲಕ ಅನುಮೋದಿಸಿತು.’”

ಕೆಳಗೆ ಅಧ್ಯಕ್ಷರ ಸಹಿ. ಅನಂತರಾಜು, ಎರಡು ಗೆರೆ ಎಳೆದು, ದಪ್ಪಗೆ. ಅದರ ಮೇಲೆ ಸಮಿತಿಯ ಸೀಲು.

“ಓದದೇ ಸಹಿ ಮಾಡ್ಯಾರ್ರಿ ಅವರು” ಅಂದರು ಮೇಡಂ. “ನೀವು ಕೊಟ್ಟ ಐದೂ ಉತ್ತರ ಬರದೀನಿ, ಓದ್ಲೇನು?”

“ಬ್ಯಾಡಿ ಮೇಡಂ” ಅಂದೆ.

ಹೆಡ್ ಮೇಷ್ಟ್ರು ಆಗಲೇ ಮೊಬೈಲಿನಲ್ಲಿ ಆ ಪುಟದ ಫೋಟೋ ಹೊಡೆಯುತ್ತಿದ್ದರು. “ಇದಕ್ಕಿಂತ ದಾಖಲೆ ಬೇಕಾ? ಸಭೆ ಅನುಮೋದಿಸಿದೆ!” ದಾಖಲಾತಿ ಪುಸ್ತಕದಲ್ಲಿ ‘ಚನ್ನಪಟ್ಟಣ’ದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಶಾಲೆ ಬಿಟ್ಟಿದ್ದಾನೆ’ ಎಂದು ಬರೆದು ಸಹಿ ಹಾಕಿದರು. ಎಂಟು ವರ್ಷದ ಮೇಲೆ ನಾನು ಅಧಿಕೃತವಾಗಿ ಶಾಲೆ ಬಿಟ್ಟೆ. ಎದೆಯ ಮೇಲಿಂದ ಸೊಪ್ಪಿನ ಹೊರೆ ಇಳಿಸಿದ ಹಾಗಾಯಿತು. ಹೀಗಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಭಾನುಗೆ ಹದಿನೇಳು.

ಹೊರಡುವಾಗ ಒಂದು ಮಾತು ಚುಚ್ಚಿತು. “ಮೇಡಂ, ಇವಳು ಬಂದ್ರೆ ಕಡೇಲಿರೋನು ಬೀಳ್ತಾನಲ್ಲ?”

“ಸಂಜಿ ಪಾಠ ನಾನ ಮಾಡೋದ್ರಿ. ಹದ್ನಾರನೇ ಕುರ್ಚಿ ನಮ್ಮ ಮನಿಂದ ತರ್ತೀನಿ. ಅದಕ್ಕ ಯಾರ ಸಹಿನೂ ಬ್ಯಾಡ” ಅಂದರು. ಆಮೇಲೆ ಭಾನುವಿನ ಹೊಸ ಚೀಟಿ ತೆಗೆದುಕೊಂಡು, ಕೆಂಪು ಶಾಯಿಯಲ್ಲಿ, ಒಂದೊಂದೇ ಅಕ್ಷರ ನೋಡಿಕೊಂಡು ಬರೆದರು: ಹುಳದ ಜ್ವರ. “ಇದು ಯಾವತ್ತು ಮುಗೀತೈತ್ರಿ?”

“ಗುರುವಾರಕ್ಕೆ ಹಣ್ಣಾಗ್ತವೆ, ಗೂಡು ಕಟ್ತವೆ. ಶುಕ್ರವಾರ ಕಳಿಸ್ತೀನಿ ಮೇಡಂ.”

“ಶುಕ್ರವಾರ ಬರ್ಲಿಲ್ಲಂದ್ರ ನಾನ ಬರ್ತೀನಿ ಮನಿಗೆ. ನಿಮ್ಮವ್ವಗ ಪೊರಕಿ ಒಳಗ ಇಡ್ಲಿಕ್ಕೆ ಹೇಳ್ರಿ.”

*

ಗುರುವಾರ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿ ಏರಿದವು. ಶುಕ್ರವಾರ ಬೆಳಿಗ್ಗೆ ಭಾನು ಎರಡು ಜಡೆ ಹಾಕಿಕೊಂಡು ಆಟೋದ ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಗೊಣಗಿದಳು. “ಸಂಜೆ ಏಳರ್ಗಂಟ ಪಾಠ ಅಂತೆ. ನಿನ್ನಿಂದ ನನ್ ವಾಲಿಬಾಲು ಓಯ್ತು.”

“ನೀನ್ಯಾವಾಗ ವಾಲಿಬಾಲ್ ಆಡ್ತಿದ್ದೆ?”

“ನೋಡ್ತಿದ್ದೆ ತಾನೆ? ನೀನ್ ಸೋಲೋದ!”

ಶಾಲೆಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದ್ದರು. ಮುಂದೆ ಹತ್ತಿಪ್ಪತ್ತು ಜನ. ಭಾನು ನುಗ್ಗಿ ಹೋಗಿ ನೋಡಿದಳು. ಎಂಟನೇ ಹೆಸರು. ಬೆರಳಿನಿಂದ ತನ್ನ ಹೆಸರಿನ ಮೇಲೆ ಒಂದು ಸಲ ಎಳೆದು, ಶಾಯಿ ಹತ್ತಿತೇನೋ ಅಂತ ಬೆರಳು ನೋಡಿಕೊಂಡು, ಕ್ಲಾಸಿಗೆ ಓಡಿದಳು. ನಡೆಯಲಿಲ್ಲ, ಓಡಿದಳು. ಅದು ನನಗೆ ಸಾಕಾಗಿತ್ತು.

ಅನಂತರಾಜು ಬುಲೆಟ್ ನಿಲ್ಲಿಸಿ ಬಂದ. ಪಟ್ಟಿ ಓದಿದ. ಯಾರೋ ಅವನಿಗೆ ಅರ್ಧ ಕತೆ ಹೇಳಿದ್ದರು. ಸಹಿಯ ಕತೆ ಮಾತ್ರ ಹೇಳಿರಲಿಲ್ಲ. ಎಲ್ಲರಿಗೂ ಕೇಳುವಂತೆ ಸೊಂಟದ ಮೇಲೆ ಕೈಯಿಟ್ಟು ಕೂಗಿದ.

“ಏನ್ಲಾ ಕೆಂಪ! ನೀನು ಸ್ಕೂಲ್ ಬುಟ್ಟಿದ್ದಕ್ಕೇ ಐದು ಮಾರ್ಕ್ಸ್ ಕೊಟ್ಟವ್ರಂತೆ? ಸ್ಕೂಲಲ್ಲಿ ಇದ್ದಾಗ ಯಾವತ್ತಾರಾ ಐದು ತಗಂಡಿದ್ಯೇನ್ಲಾ?”

ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಮಾತು ಚೆನ್ನಾಗಿತ್ತು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದು ಕೂತಿತ್ತು. ಎರಡು ಗೆರೆ ಎಳೆದ ಆ ದಪ್ಪ ಸಹಿಯ ಉತ್ತರ. ಹೇಳಿದ್ದರೆ ಅವನ ಬುಲೆಟ್ಟೂ ನಗುತ್ತಿತ್ತು. ಕಿಟಕಿಯ ಒಳಗೆ ಮೆಹ್ರೀನ್ ಮೇಡಂ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆಯೇ ನೋಡುತ್ತಿದ್ದರು. ಅವರ ಹಿಂದೆ, ಮೂರನೇ ಬೆಂಚಿನಲ್ಲಿ, ಎರಡು ಜಡೆ.

ದೊಡ್ಡಮುನಿಯಪ್ಪನ ಉಳಿದ ಗೂಡು ಹತ್ತು ಗಂಟೆಯೊಳಗೆ ಮಾರುಕಟ್ಟೆ ಸೇರಬೇಕಿತ್ತು. ನಾನು ಕೀ ತೆಗೆದುಕೊಂಡು ಆಟೋದ ಕಡೆ ನಡೆದೆ.